ಬಾಗಿಲ ಹೊರಗಿನ ಗಿಟಾರ್

ರಾಕ್ ಸಂಗೀತವೆಂದರೆ ಬರೀ ಗದ್ದಲವೆಂದು ಮೂಗು ಮುರಿಯುವವರಲ್ಲಿ ನಾವೂ ಇದ್ದೆವು. ಎಸಿ/ಡಿಸಿ ತಂಡದ ‘ಇಟ್ಸ್ ಎ ಲಾಂಗ್ ವೇ ಟು ದ ಟಾಪ್’ ಹುಟ್ಟಿದ ಬಗೆ ತಿಳಿದ ಮೇಲೆ ಅಭಿಪ್ರಾಯ ಬದಲಾಯಿತು.

‘ಟಿ.ಎನ್.ಟಿ.’ ಆಲ್ಬಮ್ಮಿನ ಈ ಹಾಡು 1975ರಲ್ಲಿ ಸಿಡ್ನಿಯ ಆಲ್ಬರ್ಟ್ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಯಿತು. ಎಪ್ಪಿಂಗ್‌ನಿಂದ ರೈಲು ಹತ್ತಿದರೆ ಅದೇ ನಗರ! ಗಿಟಾರ್ ನುಡಿಸುವ ಮಾಲ್ಕಮ್ ಮತ್ತು ಆಂಗಸ್ ಯಂಗ್ ಸೋದರರು, ಗಾಯಕ ಬಾನ್ ಸ್ಕಾಟ್ - ಮೂವರೂ ಬಾಲ್ಯದಲ್ಲೇ ಸ್ಕಾಟ್ಲೆಂಡಿನಿಂದ ವಲಸೆ ಬಂದವರು, ನಮ್ಮ ಅನೇಕ ಮಕ್ಕಳ ಹಾಗೆ. ಬಾನ್ ಹಿಂದೆ ಪೈಪ್ ಬ್ಯಾಂಡಿನಲ್ಲಿದ್ದರೆಂದು ತಿಳಿದಿದ್ದ ನಿರ್ಮಾಪಕ, ಸೋದರರ ಅಣ್ಣ ಜಾರ್ಜ್, ಹಾಡಿಗೆ ಬ್ಯಾಗ್‌ಪೈಪ್ ಸೇರಿಸೋಣವೆಂದರು. ತಮಾಷೆಯೆಂದರೆ ಬಾನ್ ಅಲ್ಲಿ ಬಾರಿಸುತ್ತಿದ್ದುದು ಡ್ರಮ್! ಆದರೂ ಊದಲು ಕಲಿತರು. ಅಜ್ಜಂದಿರ ವಾದ್ಯ ಮೊಮ್ಮಕ್ಕಳ ಗಿಟಾರಿನೊಡನೆ ಜುಗಲ್‌ಬಂದಿಗೆ ನಿಂತಿತು.

1976ರ ಫೆಬ್ರವರಿಯಲ್ಲಿ ಮೆಲ್ಬರ್ನಿನ ಸ್ವಾನ್‌ಸ್ಟನ್ ಬೀದಿಯಲ್ಲಿ ಲಾರಿಯ ಮೇಲೆ ನಿಂತು ಇದನ್ನು ಚಿತ್ರೀಕರಿಸಿದರು. 2004ರಲ್ಲಿ ಆ ನಗರದ ಓಣಿಯೊಂದಕ್ಕೆ ತಂಡದ ಹೆಸರು ಬಂತು. 2025ರ ನವೆಂಬರಿನಲ್ಲಿ ಅಲ್ಲೇ 374 ಬ್ಯಾಗ್‌ಪೈಪ್ ವಾದಕರು ಒಟ್ಟಾಗಿ ಇದೇ ಹಾಡು ನುಡಿಸಿದರು.

ಶಿಶುನಾಳ ಶರೀಫರ ಗುಡುಗುಡಿಯ ಪದಕ್ಕೆ ರಘು ದೀಕ್ಷಿತರು 2008ರ ಆಲ್ಬಮ್ಮಿನಲ್ಲಿ ಗಿಟಾರ್ ಜೋಡಿಸಿದ್ದೂ ಇದೇ ದಾರಿಯಲ್ಲವೇ?

ನಮ್ಮ ಮಕ್ಕಳು ಹೈಸ್ಕೂಲು ಸೇರುತ್ತಲೇ ಕನ್ನಡ ತರಗತಿ ಬಿಡುತ್ತಾರೆ. ಗಿಟಾರ್ ಕ್ಲಾಸು ಮಾತ್ರ ತಪ್ಪಿಸುವುದಿಲ್ಲ. ಆ ಗಿಟಾರನ್ನು ಬಾಗಿಲ ಹೊರಗಿಡಿ ಎಂದವರು ಶಿಕ್ಷಕರಾದ ನಾವೇ. ತಪ್ಪಾಯಿತು. ಮುಂದಿನ ವಾರ್ಷಿಕೋತ್ಸವದಲ್ಲಿ ಸಿ.ಡಿ. ಹಾಕಿ ಕುಣಿಸುವ ಬದಲು ಶರೀಫರ ಪದವೊಂದನ್ನು ಮಕ್ಕಳೇ ತಮ್ಮ ವಾದ್ಯಗಳೊಡನೆ ಹಾಡಲಿ. ಉಚ್ಚಾರ ತಿದ್ದುವ ಕೆಲಸ ನಮಗಿರಲಿ. ಯಾರ ಮನೆಯ ಗ್ಯಾರೇಜಿನಲ್ಲಾದರೂ ಡೊಳ್ಳು ಇದ್ದರೆ ದಯವಿಟ್ಟು ತಿಳಿಸಿ.