ಮುಂದೆ ಕಳಿಸಿದವನಿಗೆ ಹೊಣೆಯಿಲ್ಲವೇ?

‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆನಷ್ಟೆ.’ ವಾಟ್ಸಾಪ್‌ನಲ್ಲಿ ಪರನಿಂದೆಯನ್ನು ಹರಡಿದ ಶ್ರಾವಕರು ನೀಡುವ ಈ ಸಮಜಾಯಿಷಿ ನಮ್ಮ ಧರ್ಮದ ಮುಂದೆ ನಿಲ್ಲತಕ್ಕದ್ದಲ್ಲ. ಕರ್ಮಾಸ್ರವದ ವಿಚಾರದಲ್ಲಿ ತತ್ತ್ವಾರ್ಥಸೂತ್ರವು ಕೃತ, ಕಾರಿತ, ಅನುಮತ ಮೂರನ್ನೂ ಎಣಿಸಿದೆ. ಹಾಗಿರಲು ಬೆರಳೊತ್ತಿ ದಾಟಿಸಿದವನು ಹೊರಗುಳಿಯುವುದೆಂತು? ವ್ಯಾಪಾರಿಗಳಿಗಂತೂ ಇದು ಹೊಸ ಮಾತಲ್ಲ. ಚೆಕ್ಕನ್ನು ಬರೆದವನು ಬೇರೆಯಾದರೂ, ಬೆನ್ನಿಗೆ ರುಜು ಹಾಕಿ ಇನ್ನೊಬ್ಬನಿಗೆ ಕೊಟ್ಟವನನ್ನು 1881ರ ಕಾಯಿದೆ ಸುಮ್ಮನೆ ಬಿಡುವುದಿಲ್ಲ.

‘ಸುಳ್ಳಾದರೆ ತಾನೆ ದೋಷ?’ ಎನ್ನುವವರುಂಟು. ಅದೂ ಸಲ್ಲದು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೊಡನೆ ರಹೋಭ್ಯಾಖ್ಯಾನವೂ ಇದೆ. ಪರರ ಗುಟ್ಟು ನಿಜವೇ ಇರಲಿ, ಅದನ್ನು ಬಯಲಿಗೆಳೆಯಲಾಗದು. ನಮ್ಮ ಬಸದಿಯ ಗುಂಪಿನಲ್ಲಿ ಮುರಿದುಹೋದ ಮದುವೆ ಮಾತುಕತೆಯೊಂದರ ಸಂಗತಿ ಬಂದಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹುಡುಗಿಯ ತಾಯಿ ಅಂದಿನಿಂದ ಅಭಿಷೇಕಕ್ಕೆ ಬರುವುದನ್ನೇ ಬಿಟ್ಟರು. ಅದನ್ನು ಇಬ್ಬರಿಗೆ ಕಳಿಸಿದವರಲ್ಲಿ ನಾನೂ ಒಬ್ಬ.

2018ರಲ್ಲಿ ವಾಟ್ಸಾಪ್ ಕಂಪೆನಿಯೇ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಎಂದು ಮಿತಿ ಹಾಕಿತು. ಪರಿಮಾಣವ್ರತವನ್ನು ನಾವು ಅವರಿಂದ ಕಲಿಯಬೇಕೆ! ಗುಂಪನ್ನೇ ಮುಚ್ಚಿಬಿಡಿರೆಂದು ಟ್ರಸ್ಟಿಗೆ ಸಲಹೆ ಬಂದಿದೆಯಂತೆ; ಒಂದು ಮುಚ್ಚಿದರೆ ಮತ್ತೊಂದು ತೆರೆದೀತು. ಪ್ರತಿಕ್ರಮಣದಲ್ಲಿ ಆ ದಿನ ಕಳಿಸಿದ್ದನ್ನೂ ಎಣಿಸಿಕೊಳ್ಳೋಣ. ಕ್ಷಮಾವಣಿಯ ದಿನ ಗುಂಪಿಗೆಲ್ಲ ಒಂದೇ ಸಂದೇಶ ಕಳಿಸಿ ಕೈತೊಳೆದುಕೊಳ್ಳದೆ, ನೊಂದವರ ಮನೆಗೆ ನಡೆದುಹೋಗೋಣ. ಆ ತಾಯಿಯ ಮನೆಗೆ ನಾನು ಹೋದೆ, ಬಹಳ ತಡವಾಗಿ.