ಖಾಲಿ ಹಾಸಿಗೆಯ ಬೆಲೆ

ಮನುಷ್ಯನು ಆಸ್ಪತ್ರೆಗೆ ಹೋಗುವುದು ರೋಗವನ್ನು ಕಳೆದುಕೊಳ್ಳುವುದಕ್ಕಾಗಿ. ಆದರೆ ಒಂದು ರೋಗಕ್ಕೆ ಚಿಕಿತ್ಸೆ ಪಡೆಯಲು ಹೋದವನು ಅಲ್ಲಿಯೇ ಮತ್ತೊಂದನ್ನು ಅಂಟಿಸಿಕೊಂಡು, ಮನೆಗೆ ಹಿಂದಿರುಗದೆಯೇ ಹೋಗುವುದೂ ಉಂಟು. ಇಂಥ ಸಂಗತಿ ನಡೆದಾಗ ನಾವು ವಿಧಿಯನ್ನು ಹಳಿಯುತ್ತೇವೆ, ಇಲ್ಲವೆ ಹೊಸ ಔಷಧವೊಂದು ಬರಲಿ ಎಂದು ಹಾರೈಸುತ್ತೇವೆ. ಎರಡೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಆಸ್ಪತ್ರೆಯೊಳಗೆ ಹಬ್ಬುವ ಕರುಳಿನ ಸೋಂಕನ್ನು ತಡೆಯಲು ಬೇಕಾದ ತಿಳಿವಳಿಕೆ ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ. ಕೊರತೆಯಾಗಿರುವುದು ಬೇರೊಂದು ವಸ್ತು. ಅದೇನೆಂಬುದನ್ನು ನಿಜವಾಗಿ ನಡೆದ ಒಂದು ಪ್ರಸಂಗದಿಂದ ವಿಶದಪಡಿಸಬಹುದು.

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬ ಹೆಸರಾಂತ ಆಸ್ಪತ್ರೆಯಿದೆ. ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು 1944ರಲ್ಲಿ ಅಲ್ಲಿ ಒಂದು ವಿಭಾಗವನ್ನು ತೆರೆದರು. ಅವರು 1948ರಲ್ಲಿ ಅಲ್ಲಿನ ರೋಗಿಗಳಿಗಾಗಿ ಏರ್ಪಡಿಸಿದ ಕ್ರೀಡಾಕೂಟವೇ ಮುಂದೆ ಪ್ಯಾರಾಲಿಂಪಿಕ್ ಕ್ರೀಡೆಗಳಾಗಿ ಬೆಳೆಯಿತು. ಇಷ್ಟು ಕೀರ್ತಿವೆತ್ತ ಆಸ್ಪತ್ರೆಯಲ್ಲಿಯೇ 2003ರಿಂದ 2005ರ ಅವಧಿಯಲ್ಲಿ ಒಂದು ಕರುಳುಬೇನೆ ಎರಡು ಸಲ ಹಬ್ಬಿತು. ಒಟ್ಟು 334 ರೋಗಿಗಳಿಗೆ ಸೋಂಕು ತಗಲಿತು. ಅವರಲ್ಲಿ ಕಡೆಯಪಕ್ಷ 33 ಮಂದಿಯ ಸಾವಿಗೆ ಆ ಸೋಂಕೇ ಖಚಿತವಾಗಿ ಅಥವಾ ಬಹುಶಃ ಕಾರಣವಾಗಿತ್ತೆಂದು ವಿಚಾರಣೆ ನಡೆಸಿದ ಆರೋಗ್ಯ ಆಯೋಗವು 2006ರ ಜುಲೈ ತಿಂಗಳಲ್ಲಿ ವರದಿ ಮಾಡಿತು.

ಈ ಬೇನೆಯನ್ನು ತಂದ ಬ್ಯಾಕ್ಟೀರಿಯದ ಹೆಸರು ಕ್ಲಾಸ್ಟ್ರಿಡಿಯಂ ಡಿಫಿಸಿಲೆ. 2016ರಿಂದ ವಿಜ್ಞಾನಿಗಳು ಇದನ್ನು ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲೆ ಎಂದು ಕರೆಯುತ್ತಿದ್ದಾರೆ. 1935ರಲ್ಲಿ ಹಾಲ್ ಮತ್ತು ಓಟೂಲ್ ಎಂಬುವರು ಇದನ್ನು ಹಸುಗೂಸುಗಳ ಮಲದಲ್ಲಿ ಮೊದಲು ಕಂಡರು. ಆಮ್ಲಜನಕವನ್ನು ಸಹಿಸದ ಈ ಜೀವಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಬಹು ಪ್ರಯಾಸದ ಕೆಲಸವಾದ್ದರಿಂದ ಲ್ಯಾಟಿನ್ ಭಾಷೆಯಲ್ಲಿ ‘ಕಷ್ಟದ್ದು’ ಎಂಬ ಅರ್ಥದ ಹೆಸರು ಇದಕ್ಕೆ ಬಂದಿತು. ಪ್ರತಿಜೈವಿಕ ಔಷಧಗಳನ್ನು, ಅಂದರೆ ಆಂಟಿಬಯಾಟಿಕ್‌ಗಳನ್ನು, ಸೇವಿಸಿದವರಲ್ಲಿ ಕಾಣಿಸಿಕೊಳ್ಳುತ್ತಿದ್ದ ಉಗ್ರವಾದ ದೊಡ್ಡ ಕರುಳಿನ ಉರಿಯೂತಕ್ಕೆ ಇದೇ ಕಾರಣವೆಂದು ತಿಳಿದುಬಂದದ್ದು 1978ರಲ್ಲಿ.

ಔಷಧ ಸೇವಿಸಿದವರಲ್ಲಿಯೇ ಇದೇಕೆ ಹೆಚ್ಚು? ಆರೋಗ್ಯವಂತರ ಕರುಳು ದಟ್ಟವಾಗಿ ಪೈರು ಬೆಳೆದ ಹೊಲದಂತೆ. ಅಲ್ಲಿ ಅಸಂಖ್ಯಾತ ನಿರುಪದ್ರವಿ ಬ್ಯಾಕ್ಟೀರಿಯಗಳು ನೆಲೆಸಿರುವುದರಿಂದ ಕಳೆಗೆ ಎಡೆಯಿಲ್ಲ. ಶ್ವಾಸಕೋಶದ ಅಥವಾ ಮೂತ್ರಕೋಶದ ಸೋಂಕಿಗಾಗಿ ಕೊಟ್ಟ ಪ್ರತಿಜೈವಿಕವು ರೋಗಾಣುವಿನ ಜೊತೆಗೆ ಈ ಪೈರನ್ನೂ ಸವರಿಹಾಕುತ್ತದೆ. ತೆರವಾದ ನೆಲದಲ್ಲಿ ಡಿಫಿಸಿಲೆ ಬೇರೂರಿ ವಿಷವನ್ನು ಸ್ರವಿಸುತ್ತದೆ. ಆ ವಿಷವು ದೊಡ್ಡ ಕರುಳಿನ ಒಳಪೊರೆಯನ್ನು ಕೆಡಿಸಿ ಭೇದಿಯನ್ನು ಉಂಟುಮಾಡುತ್ತದೆ. ಇದಕ್ಕೆ ಹೆಚ್ಚಾಗಿ ಬಲಿಯಾಗುವವರು ವೃದ್ಧರು.

ಭೇದಿಯೊಡನೆ ಹೊರಬೀಳುವುದು ಬ್ಯಾಕ್ಟೀರಿಯ ಮಾತ್ರವಲ್ಲ, ಅದರ ಬೀಜಾಣುಗಳೂ ಹೌದು. ಬೀಜಾಣುವೆಂದರೆ ಗಟ್ಟಿಯಾದ ಹೊದಿಕೆಯೊಳಗೆ ನಿದ್ರಿಸುತ್ತಿರುವ ಜೀವವೆನ್ನಬಹುದು. ಮಂಚದ ಸರಳು, ಮಲಪಾತ್ರೆ, ಬಾಗಿಲಿನ ಹಿಡಿ ಇವುಗಳ ಮೇಲೆ ಅದು ತಿಂಗಳುಗಟ್ಟಲೆ ಉಳಿದಿರಬಲ್ಲುದು. ಕೈಗೆ ಸವರಿಕೊಳ್ಳುವ ಆಲ್ಕೊಹಾಲ್ ದ್ರವವು ಎಷ್ಟೋ ರೋಗಾಣುಗಳನ್ನು ಕೊಲ್ಲುವುದಾದರೂ ಬೀಜಾಣುವನ್ನು ಕೊಲ್ಲದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿದರೆ ಬೀಜಾಣುಗಳು ಸಾಯದಿದ್ದರೂ ಕೊಚ್ಚಿಹೋಗುತ್ತವೆ. ನೆಲವನ್ನೂ ಸಾಮಾನುಗಳನ್ನೂ ಕ್ಲೋರಿನ್ ಬೆರೆತ ದ್ರಾವಣದಿಂದ ಒರಸತಕ್ಕದ್ದು.

ಆದಕಾರಣ ಸೋಂಕು ಕಾಣಿಸಿಕೊಂಡ ಆಸ್ಪತ್ರೆಯು ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಭೇದಿ ಆರಂಭವಾದವನನ್ನು ಒಡನೆಯೇ ಪ್ರತ್ಯೇಕ ಕೋಣೆಗೆ ಸೇರಿಸಬೇಕು. ಕೋಣೆಗಳು ಸಾಲದಿದ್ದರೆ ಇಂಥ ರೋಗಿಗಳಿಗೆಂದೇ ಒಂದು ವಾರ್ಡನ್ನು ಮೀಸಲಿಡಬೇಕು. ಮಲವನ್ನು ಪರೀಕ್ಷೆಗೆ ಕಳುಹಿಸಬೇಕು. ಅವನನ್ನು ಮುಟ್ಟುವವರು ಕೈಗವಸು ತೊಡಬೇಕು, ಕೈ ತೊಳೆಯಬೇಕು. ಮೊದಲಿನ ಪ್ರತಿಜೈವಿಕವನ್ನು ಸಾಧ್ಯವಿದ್ದರೆ ನಿಲ್ಲಿಸಿ, ವ್ಯಾಂಕೊಮೈಸಿನ್ ಅಥವಾ ಫಿಡಾಕ್ಸೊಮೈಸಿನ್ ಕೊಡಬೇಕು. ದೇಹವು ಕಳೆದುಕೊಂಡ ನೀರನ್ನೂ ಲವಣಗಳನ್ನೂ ತುಂಬಬೇಕು. ಈ ಪಟ್ಟಿಯಲ್ಲಿ ಪ್ರತಿಭೆಯನ್ನು ಬೇಡುವಂಥದು ಯಾವುದೂ ಇಲ್ಲ. ಹಾಗಿದ್ದೂ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಸೋಂಕು ಎರಡನೆಯ ಬಾರಿ ಹಬ್ಬಿತೇಕೆ?

ಆ ಆಸ್ಪತ್ರೆಯ ಸೋಂಕು ನಿಯಂತ್ರಣ ತಂಡದವರು ರೋಗಿಗಳನ್ನು ಪ್ರತ್ಯೇಕಿಸಬೇಕೆಂದು ಸಲಹೆ ಮಾಡಿದ್ದರು. ಆಡಳಿತವರ್ಗವು ಅದಕ್ಕೆ ಸಕಾಲದಲ್ಲಿ ಕಿವಿಗೊಡಲಿಲ್ಲ. ತುರ್ತುಚಿಕಿತ್ಸಾ ವಿಭಾಗಕ್ಕೆ ಬಂದವರಾರೂ 4 ಗಂಟೆಗಿಂತ ಹೆಚ್ಚು ಕಾಯಬಾರದೆಂದು ಸರ್ಕಾರವು ಆಗ ಗುರಿ ವಿಧಿಸಿತ್ತು. ಆ ಗುರಿಯನ್ನು ಮುಟ್ಟಬೇಕಾದರೆ ಹಾಸಿಗೆಗಳು ಸದಾ ದೊರೆಯುತ್ತಿರಬೇಕು. ರೋಗಿಗಳನ್ನು ವಾರ್ಡಿನಿಂದ ವಾರ್ಡಿಗೆ ಸಾಗಿಸಲಾಯಿತು. ಅವರೊಡನೆ ಬೀಜಾಣುಗಳೂ ಸಾಗಿದವು. ದಾದಿಯರ ಕೊರತೆಯಿಂದ ಶುಚಿತ್ವವು ಹಿಂದೆ ಬಿದ್ದಿತು. ಸರ್ಕಾರದ ಗುರಿಗಳಿಗೂ ಹಣಕಾಸಿಗೂ ಕೊಟ್ಟ ಪ್ರಾಶಸ್ತ್ಯದಿಂದಾಗಿ ಎರಡನೆಯ ಪಿಡುಗು ಬೇಗನೆ ಹತೋಟಿಗೆ ಬರಲಿಲ್ಲವೆಂದೂ, ಮೊದಲ ಪಿಡುಗಿನಿಂದ ಪಾಠ ಕಲಿಯಲಿಲ್ಲವೆಂದೂ ಆಯೋಗವು ಹೇಳಿತು.

ಆಡಳಿತಗಾರರನ್ನು ಕಟುಕರೆಂದು ಜರೆಯುವುದು ಸುಲಭ, ಅದು ನ್ಯಾಯವಲ್ಲ. ನೋವಿನಿಂದ ನರಳುತ್ತ ಬಂದವನು ಗಂಟೆಗಟ್ಟಲೆ ಬೆಂಚಿನ ಮೇಲೆ ಕಾಯಬಾರದೆಂಬ ಗುರಿ ಸದುದ್ದೇಶದ್ದೇ. ಖಾಲಿಯಿರುವ ಪ್ರತಿಯೊಂದು ಹಾಸಿಗೆಯೂ ಹೊರಗೆ ಕಾಯುತ್ತಿರುವ ಒಬ್ಬನಿಗೆ ಸಿಗದ ಹಾಸಿಗೆಯೆಂಬ ಮಾತನ್ನು ಯಾರೂ ತಳ್ಳಿಹಾಕಲಾರರು. ಆದರೆ ಈ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಬಾರದು. ಸೋಂಕಿತನನ್ನು ಸಾಮಾನ್ಯ ವಾರ್ಡಿನಲ್ಲಿಟ್ಟರೆ ಪಕ್ಕದ ಹಾಸಿಗೆಯವನು ಕಾಯಿಲೆ ಬೀಳುತ್ತಾನೆ. ನಾಲ್ಕು ದಿನದಲ್ಲಿ ಮನೆಗೆ ಹೋಗಬೇಕಾಗಿದ್ದವನು ವಾರಗಟ್ಟಲೆ ಅಲ್ಲಿಯೇ ಉಳಿಯುತ್ತಾನೆ. ಉಳಿಸಿದೆವೆಂದುಕೊಂಡ ಒಂದು ಹಾಸಿಗೆಗಾಗಿ ಹಲವು ಹಾಸಿಗೆಗಳು ಹೋಗುತ್ತವೆ. ಕಾಯುವ ವೇಳೆಗೆ ಲೆಕ್ಕ ಕೇಳುವವರಿದ್ದರು. ಹಬ್ಬುತ್ತಿದ್ದ ಭೇದಿಗೆ ಅಷ್ಟೇ ಬಿಗಿಯಾಗಿ ಲೆಕ್ಕ ಕೇಳುವವರಿರಲಿಲ್ಲ. ಅಳೆಯುವುದು ವಿಜ್ಞಾನದ ಮೊದಲ ಹೆಜ್ಜೆಯೆಂಬುದು ದಿಟ. ಆದರೆ ಅಳೆದದ್ದು ಮಾತ್ರವೇ ಇದೆಯೆಂದು ನಂಬುವುದು ವಿಜ್ಞಾನವಲ್ಲ.

ಈ ತಪ್ಪು ಒಂದೇ ಆಸ್ಪತ್ರೆಯದಾಗಿರಲಿಲ್ಲ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಮೇಡ್‌ಸ್ಟನ್ ಮತ್ತು ಟನ್‌ಬ್ರಿಜ್ ವೆಲ್ಸ್ ಆಸ್ಪತ್ರೆಗಳಲ್ಲಿ 2004ರಿಂದ 2006ರವರೆಗೆ ಇದೇ ಸೋಂಕು ಸುಮಾರು 90 ಮಂದಿಯ ಸಾವಿಗೆ ಖಚಿತವಾಗಿ ಅಥವಾ ಬಹುಶಃ ಕಾರಣವಾಯಿತೆಂದು 2007ರ ವರದಿಯೊಂದು ತಿಳಿಸಿತು. ಆಮೇಲೆ ಆ ದೇಶವು ಎಚ್ಚೆತ್ತಿತು. 2007–08ರಲ್ಲಿ ಇಂಗ್ಲೆಂಡಿನಲ್ಲಿ ವರದಿಯಾದ ಪ್ರಕರಣಗಳು 55,000ವನ್ನು ಮೀರಿದ್ದವು. 2013–14ರ ಹೊತ್ತಿಗೆ ಅವು 15,000ಕ್ಕಿಂತ ಕೆಳಗಿಳಿದವು. ಶುಚಿತ್ವ, ಪ್ರತ್ಯೇಕಿಸುವಿಕೆ, ಔಷಧ ಬಳಕೆಯಲ್ಲಿ ಹಿಡಿತ ಎಲ್ಲವನ್ನೂ ಆ ವರ್ಷಗಳಲ್ಲಿ ಬಿಗಿಗೊಳಿಸಲಾಗಿತ್ತು. ಇವುಗಳಲ್ಲಿ ಫ್ಲೂರೊಕ್ವಿನೊಲೋನ್ ಎಂಬ ಪ್ರತಿಜೈವಿಕಗಳ ಬಳಕೆಯನ್ನು ಕಡಿಮೆ ಮಾಡಿದ್ದೇ ಇಳಿತಕ್ಕೆ ಮುಖ್ಯ ಕಾರಣವೆಂದು ಆಕ್ಸ್‌ಫರ್ಡಿನ ಸಂಶೋಧಕರು 2017ರಲ್ಲಿ ತೋರಿಸಿಕೊಟ್ಟರು. ಆ ಔಷಧಕ್ಕೆ ಬಗ್ಗದ ತಳಿಗಳೇ ಪಿಡುಗನ್ನು ಹಬ್ಬಿಸುತ್ತಿದ್ದವು. ಔಷಧದ ಆಸರೆ ತಪ್ಪಿದೊಡನೆ ಅವು ಹಿಮ್ಮೆಟ್ಟಿದವು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಗೆಲುವು ದೊರೆತದ್ದು ಏನನ್ನು ಮಾಡಿದರು ಎಂಬುದರಿಂದ ಎಷ್ಟೋ, ಏನನ್ನು ಮಾಡದೆ ಬಿಟ್ಟರು ಎಂಬುದರಿಂದಲೂ ಅಷ್ಟೆ. ವೈದ್ಯರು ಅನಾವಶ್ಯಕವಾದ ಔಷಧವನ್ನು ಬರೆಯಲಿಲ್ಲ. ಮುಂದೆ ಬರಬಹುದಾದ ರೋಗಿಗಾಗಿ ಒಂದು ಕೋಣೆಯನ್ನು ತೆರವಾಗಿಡಬೇಕಾದ್ದೂ ಇಂಥದೇ ಸಂಯಮ. ಇಂಥ ಸಂಯಮವು ಲೆಕ್ಕದ ಪುಸ್ತಕದಲ್ಲಿ ನಷ್ಟವಾಗಿ ಕಾಣುವುದೇ ಹೊರತು ಲಾಭವಾಗಿ ಕಾಣುವುದಿಲ್ಲ. ಬಾರದೆ ಹೋದ ರೋಗಕ್ಕೆ, ಸಾಯದೆ ಉಳಿದವನಿಗೆ ಯಾವ ಪುಸ್ತಕದಲ್ಲಿಯೂ ಕಲಮಿಲ್ಲ. ಹೀಗಾಗಿ ಪ್ರತಿಯೊಂದು ದೊಡ್ಡ ಆಸ್ಪತ್ರೆಯೂ ಪ್ರತ್ಯೇಕ ಕೋಣೆಗಳನ್ನು ಕಡ್ಡಾಯವಾಗಿ ಮೀಸಲಿಡಬೇಕು. ಅಷ್ಟೇ ಅಲ್ಲ, ವಾರ್ಡನ್ನು ಮುಚ್ಚಿರೆಂದು ಸೋಂಕು ನಿಯಂತ್ರಣದ ವೈದ್ಯರು ಹೇಳಿದಾಗ ಆ ಮಾತನ್ನು ಮೀರುವ ಅಧಿಕಾರವು ಹಣದ ಲೆಕ್ಕ ನೋಡುವವರಿಗೆ ಇರಕೂಡದು.

ಇದು ದೂರದ ದೇಶದ ಕಥೆಯೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಬಾರದು. ನೆಗಡಿಗೆ ಪ್ರತಿಜೈವಿಕದಿಂದ ಪ್ರಯೋಜನವಿಲ್ಲವೆಂದು ತಿಳಿದಿದ್ದರೂ ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆಯೇ ಅದನ್ನು ಕೇಳಿ ಪಡೆಯುವವರು ನಮ್ಮಲ್ಲಿದ್ದಾರೆ. ಬಂಧುಗಳನ್ನು ನೋಡಲೆಂದು ಮನೆಮಂದಿಯೆಲ್ಲ ಆಸ್ಪತ್ರೆಗೆ ಹೋಗಿ, ಮಂಚದ ಮೇಲೆಯೇ ಕುಳಿತು, ಕೈ ತೊಳೆಯದೆ ಹಣ್ಣು ಹಂಚಿಕೊಂಡು ಬರುವುದೂ ನಮಗೆ ಹೊಸದಲ್ಲ. ಈ ಎರಡು ಅಭ್ಯಾಸಗಳನ್ನು ಬಿಡಲು ಪದವಿಯೇನೂ ಬೇಡ.

ಈ ಲೇಖನವನ್ನು ಓದುತ್ತಿರುವವರಲ್ಲಿ ಕೆಲವರು ಮುಂದೆ ವೈದ್ಯರೂ ದಾದಿಯರೂ ಆಗುವರು; ಕೆಲವರು ಆಸ್ಪತ್ರೆಯ ಕಟ್ಟಡವನ್ನು ಕಟ್ಟುವರು, ಕೆಲವರು ಅದರ ಆಯವ್ಯಯವನ್ನು ನೋಡಿಕೊಳ್ಳುವರು. ಎಂದಾದರೊಂದು ದಿನ ಅವರ ಮುಂದೆ ಖಾಲಿ ಕೋಣೆಯೊಂದರ ಖರ್ಚಿನ ಪಟ್ಟಿ ಬಂದೀತು. ಅದನ್ನು ದಂಡವೆಂದು ಹೊಡೆದುಹಾಕುವ ಮೊದಲು ಸ್ಟೋಕ್ ಮ್ಯಾಂಡೆವಿಲ್‌ನ ಆ 33 ಮಂದಿಯನ್ನು ಅವರು ಒಮ್ಮೆ ನೆನೆಯಲಿ ಎಂಬುದು ನಮ್ಮ ಕೋರಿಕೆ.