ಎಸೆದ ವಸ್ತು, ಕಟ್ಟುವ ಹೊಣೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಮನೆಗಳ ಅಟ್ಟದಲ್ಲಿ ಕೆಟ್ಟ ಟಿ.ವಿ., ಮೊಬೈಲು, ಚಾರ್ಜರುಗಳು ಬಿದ್ದಿರುತ್ತವೆ. ಕೊನೆಗೆ ಅವು ಗುಜರಿಗೆ ಹೋಗುತ್ತವೆ. ತಾಮ್ರಕ್ಕಾಗಿ ತಂತಿ ಸುಡುವಾಗ ಏಳುವ ವಿಷದ ಹೊಗೆಯನ್ನು ಕುಡಿಯುವವನು ಬಡವನೇ.

ರೂಪ ಅಳಿದರೂ ದ್ರವ್ಯ ಉಳಿಯುತ್ತದೆಂಬುದು ಅರಿಸ್ಟಾಟಲನ ವಿಚಾರ. ಪ್ಲಾಸ್ಟಿಕ್ಕಿಗೂ ಅದು ಸಲ್ಲುತ್ತದೆ. ಬೆಂಗಳೂರಿನಲ್ಲಿ ಅಹಮದ್ ಖಾನ್ ಅವರ ಸಂಸ್ಥೆ 2002ರಿಂದ ಪ್ಲಾಸ್ಟಿಕ್ ತ್ಯಾಜ್ಯವನ್ನು ಡಾಂಬರಿನೊಡನೆ ಬೆರೆಸಿ ರಸ್ತೆಗಳಿಗೆ ಬಳಸಿತು. ವಿದ್ಯುನ್ಮಾನ ಸಾಧನಗಳ ಪ್ಲಾಸ್ಟಿಕ್ಕನ್ನು ಚೂರುಮಾಡಿ, ಕಾಂಕ್ರೀಟಿನಲ್ಲಿ ಜಲ್ಲಿಯ ಒಂದಂಶಕ್ಕೆ ಬದಲಾಗಿ ಸೇರಿಸುವ ಪ್ರಯೋಗಗಳೂ ನಡೆದಿವೆ. ಆದರೆ ಅದರ ಪ್ರಮಾಣ ಹೆಚ್ಚಿದಂತೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಬೆಂಕಿ ತಡೆಯಲು ಬೆರೆಸಿದ ಹಾನಿಕರ ಬ್ರೋಮಿನ್ ಸಂಯುಕ್ತಗಳೂ ಅದರಲ್ಲಿರಬಹುದು. ಆದ್ದರಿಂದ ಚೆನ್ನಾಗಿ ವಿಂಗಡಿಸಿದ ಪ್ಲಾಸ್ಟಿಕ್ಕು ಅಂಗಳದ ಹಾಸುಬಿಲ್ಲೆಗೆ ಒದಗೀತು, ಮನೆಯ ಕಂಬಕ್ಕಲ್ಲ. 2019ರ ಮಲಪ್ರಭೆಯ ಪ್ರವಾಹದಲ್ಲಿ ಮನೆ ಕಳೆದುಕೊಂಡವರನ್ನು ಕಂಡ ನಾವು, ಅಗ್ಗವೆಂಬ ಕಾರಣಕ್ಕೆ ಬಡವನಿಗೆ ದುರ್ಬಲ ಗೋಡೆಯನ್ನು ದಾನ ಮಾಡಲಾಗದು.

ವಿಶ್ವಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಎಸೆಯುವ ಸಂಸ್ಕೃತಿಯನ್ನು ಖಂಡಿಸಿದರು. ಮರುಬಳಕೆ ಆ ದೋಷಕ್ಕೆ ಪ್ರಾಯಶ್ಚಿತ್ತ ಮಾತ್ರ, ಮಿತಬಳಕೆಯೇ ಮನಪರಿವರ್ತನೆ. ಕೆಟ್ಟುದನ್ನು ಮೊದಲು ದುರಸ್ತಿ ಮಾಡಿಸೋಣ. ದುರಸ್ತಿಯಾಗದುದನ್ನು ಪ್ರತಿ ಧರ್ಮಕೇಂದ್ರವೂ ವರ್ಷಕ್ಕೊಂದು ಭಾನುವಾರ ಒಟ್ಟುಗೂಡಿಸಿ ಅಧಿಕೃತ ಮರುಸಂಸ್ಕರಣಕಾರರಿಗೆ ಒಪ್ಪಿಸಲಿ. ನೆರೆಯವನ ಉಸಿರನ್ನು ಕಾಯುವುದೂ ನೆರೆಯವನ ಪ್ರೀತಿಯೇ.